ಅನಧ್ಯಾಯ

ಸಂಸ್ಕೃತ ಪಾಠಶಾಲೆಗಳಲ್ಲಿ ಪ್ರತಿಪತ್ತು, ಅಷ್ಟಮಿ, ಚತುರ್ದಶಿ ಮತ್ತು ಪರ್ವದಿನಗಳು ಅನಧ್ಯಾಯವೆನಿಸುವುವು. ಅಂದು ಹೊಸ ಪಾಠವಿಲ್ಲ. ಇದು ಸೋಮಾರಿತನಕ್ಕೆ ಕೊಟ್ಟ ಸಮ್ಮತಿಯಲ್ಲ. ಕಲಿತುದು ನೆಲೆಗೊಳ್ಳಲೆಂದು ಬಿಟ್ಟ ತೆರಪು. ಉದ್ಯೋಗಕ್ಕೆ ಮಾತ್ರ ಅಂತಹ ತಿಥಿಯನ್ನು ಯಾವ ಪಂಚಾಂಗವೂ ಗುರುತಿಸಿಲ್ಲ.

ಬೆಂಗಳೂರು ದಂಡಿನ ರಿಚರ್ಡ್ಸ್ ಟೌನಿನಲ್ಲಿ ವಾಸಿಸುವ ಗೃಹಸ್ಥನೊಬ್ಬನು ಹತ್ತೊಂಬತ್ತು ವರ್ಷ ದುಡಿದ ಕಚೇರಿಯನ್ನು ಬಿಟ್ಟನು. ಹೊಸ ಕೆಲಸವು ನಿಶ್ಚಯವಾಗಿದ್ದಿತು. ನಡುವೆ ಎರಡು ತಿಂಗಳ ಬಿಡುವನ್ನು ಆತನೇ ಕೇಳಿ ಪಡೆದಿದ್ದನು. ವೃದ್ಧಳಾದ ತಾಯಿಗೆ ಇದಾವುದನ್ನೂ ತಿಳಿಸಿರಲಿಲ್ಲ. ಮೊದಲ ವಾರ ಆ ಬಿಡುವೇ ಭಾರವಾಯಿತು. ಹಳೆಯ ಹೊತ್ತಿಗೇ ಎಚ್ಚರವಾಗುವುದು. ರಿಚರ್ಡ್ಸ್ ಪಾರ್ಕಿನಲ್ಲಿ ಹೋಗಿ ಕುಳಿತರೆ ನೆರೆಯವರು, “ಇಂದು ರಜವೇ, ಸ್ವಾಮಿ?” ಎನ್ನುವರು. “ಹೌದು” ಎಂದು ತಲೆ ತಗ್ಗಿಸುವನು. ಒಂದು ರಾತ್ರಿ ತಾಯಿಯು ಮೆಲ್ಲನೆ, “ಕೆಲಸ ಹೋಯಿತೇನಪ್ಪ? ಮುಚ್ಚಿಡಬೇಡ, ನನ್ನ ಎರಡೆಳೆ ಸರವಿದೆ” ಎಂದಳು.

ಆತನು ನಾಚಿ ನಿಜವನ್ನು ಹೇಳಿದನು. “ಹಾಗಾದರೆ ನಾಳೆ ನನ್ನನ್ನೂ ಪಾರ್ಕಿಗೆ ಕರೆದುಕೊಂಡು ಹೋಗು” ಎಂದಳು ಆಕೆ. ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆದ ಆ ಮುಂಜಾನೆಯಲ್ಲಿ, ತಾಯಿಯ ಎಡಗಣ್ಣು ಮಂಜಾಗಿರುವುದು ಆತನಿಗೆ ತಿಳಿದುಬಂದಿತು. ಒಂದೇ ಮನೆಯಲ್ಲಿದ್ದೂ ಅದನ್ನು ಕಂಡಿರಲಿಲ್ಲ. ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ವಾರದಲ್ಲಿಯೇ, ಹದಿನೈದು ದಿನ ಮುಂಚಿತವಾಗಿ ಬರಬೇಕೆಂದು ಹೊಸ ಕಚೇರಿಯಿಂದ ಕರೆ ಬಂದಿತು.

ಆಗ ಆತನಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಚರಿತ್ರೆಯು ನೆನಪಾಯಿತು. ಮುಂಬಯಿ ಸರಕಾರದ ಸೇವೆಯನ್ನು ಬಿಡಲು ನಿಶ್ಚಯಿಸಿ ಅವರು 1908ರಲ್ಲಿ ವಿದೇಶಪ್ರವಾಸಕ್ಕೆ ಹೊರಟಿದ್ದರು. ಆ ವರ್ಷ ಸೆಪ್ಟೆಂಬರಿನಲ್ಲಿ ಮೂಸಿನದಿಯು ಉಕ್ಕಿ ಹೈದರಾಬಾದನ್ನು ಹಾಳುಗೆಡವಲು, ನಿಜಾಮರ ಸರಕಾರವು ಅವರಿಗೆ ಕರೆ ಕಳುಹಿಸಿತು. ಪ್ರವಾಸವನ್ನು ಮುಗಿಸಿಕೊಂಡೇ ಅವರು 1909ರಲ್ಲಿ ಅಲ್ಲಿಗೆ ಬಂದರು. ಅದೇ ವರ್ಷ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು. ಅಷ್ಟು ದೊಡ್ಡವರ ಕಾರ್ಯವನ್ನು ಕುಂದಿಸದ ಬಿಡುವು ತನ್ನಂಥವನ ಕಾರ್ಯವನ್ನು ಕೆಡಿಸೀತೇ?

ಗೊತ್ತಾದ ದಿನವೇ ಬರುವೆನೆಂದು ವಿನಯದಿಂದ ಉತ್ತರವಿತ್ತನು. ಮೂರು ದಿನ ಮಾರುತ್ತರವಿಲ್ಲದೆ ಮನೆಯಲ್ಲಿ ಕಳವಳವಿದ್ದಿತು. ನಾಲ್ಕನೆಯ ದಿನ ಒಪ್ಪಿಗೆ ಬಂದಿತು.

ಕೆಲಸಕ್ಕೆ ಹೊರಟ ದಿನ ತಾಯಿಯು ಬಾಗಿಲಲ್ಲಿ ನಿಂತು ಮಗನ ಮುಖವನ್ನು ನೋಡಿ, “ನಿನ್ನ ಕೂದಲು ಇಷ್ಟು ನರೆತದ್ದು ಯಾವಾಗಲೋ?” ಎಂದು ಕೇಳಿದಳು. ಆತನಿಗೂ ಅದು ತಿಳಿದಿರಲಿಲ್ಲ.