ಅಮ್ಮನ ಮೊದಲ ರಜೆ

ಏಪ್ರಿಲ್ ರಜೆಗೆ ಮನೆಯವರೆಲ್ಲ ಅಂಡಮಾನಿನ ನೀಲ್ ದ್ವೀಪಕ್ಕೆ ಹೋಗಿದ್ವಿ. 2018ರಿಂದ ಅದರ ಹೆಸರು ಶಹೀದ್ ದ್ವೀಪ. ಪೋರ್ಟ್ ಬ್ಲೇರ್‌ನಿಂದ ಹಡಗು. ಜೆಟ್ಟಿ ದಾಟಿದರೆ ತೆಂಗು, ಬಾಳೆ, ತರಕಾರಿ ತೋಟ. "ನಮ್ಮೂರ ಥರಾನೇ ಇದೆಯಲ್ಲೋ" ಅಂದಳು ಅಮ್ಮ.

ಉಳಿದದ್ದು ಸಮುದ್ರದ ಪಕ್ಕದ ಬಿದಿರಿನ ಗುಡಿಸಲಲ್ಲಿ. ಎಸಿ ಇಲ್ಲ. ನೆಟ್‌ವರ್ಕ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮೊದಲ ದಿನ ಫೋನ್ ಹಿಡಿದು ಚಡಪಡಿಸಿದವನು ನಾನೇ.

ಅಲ್ಲಿ ಬೆಳಗಾಗೋದು ಬೇಗ. ಮರುದಿನ ಐದೂವರೆಗೆ ಎದ್ದರೆ ಅಮ್ಮನ ಹಾಸಿಗೆ ಖಾಲಿ. ಹೊರಗೆ ಬಂದು ನೋಡಿದರೆ, ನೀರಿಗೆ ಕಾಲು ಚಾಚಿ ಮರಳಲ್ಲಿ ಕೂತಿದ್ದಾಳೆ.

"ಅಮ್ಮಾ, ಕಾಫಿ?" ಅಭ್ಯಾಸಬಲ!

"ಹೂಂ, ನಂಗೂ ಒಂದು ಲೋಟ ತಗೊಂಡ್ಬಾ" ಅಂದಳು, ತಿರುಗಿಯೂ ನೋಡದೆ.

ಇಷ್ಟು ವರ್ಷದ ನಮ್ಮ ಪ್ರವಾಸಗಳಲ್ಲೆಲ್ಲ ಸ್ಟವ್, ಕುಕ್ಕರ್ ಹೊತ್ತು ಬಂದವಳು ಅವಳು. ನೀವೂ ಮುಂದಿನ ರಜೆಗೆ ರೂಮ್ ಹುಡುಕುವಾಗ ಅಡುಗೆಮನೆ ಇಲ್ಲದ್ದನ್ನೇ ಹುಡುಕಿ.