ತಲುಪದ ಪತ್ರಗಳು

ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಪ್ರಶ್ನೆ ಬೆಳಗ್ಗೆಯಿಂದ ನನ್ನನ್ನು ಕೆಣಕುತ್ತಿದೆ. ನಿಮ್ಮನ್ನು ಇಂಥ ಊರಿನ ಇಂಥ ಶಾಲೆಯ ವಿದ್ಯಾರ್ಥಿಯೆಂದು ಭಾವಿಸಿಕೊಂಡು, ಶೈಕ್ಷಣಿಕ ಪ್ರವಾಸಕ್ಕೆ ಹಣ ಕೇಳಿ ತಂದೆಗೊಂದು ಪತ್ರ ಬರೆಯಿರಿ ಎನ್ನುವ ಧಾಟಿಯದು. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇದರ ಪರಿಚಯ ಬೇಕಿಲ್ಲ. ಹೆಚ್ಚಿನ ಮಕ್ಕಳ ಅಪ್ಪ ಅದೇ ಮನೆಯಲ್ಲಿ ಇರುತ್ತಾರೆ. ಹಣ ಬೇಕಾದರೆ ಅಮ್ಮನ ಕಿವಿಗೆ ಹಾಕಿ ಅಪ್ಪನವರೆಗೆ ಮಾತು ಮುಟ್ಟಿಸುವ ದಾರಿ ಮಕ್ಕಳಿಗೆ ಗೊತ್ತಿರುತ್ತದೆ. ಆದರೂ ಮಗು ತೀರ್ಥರೂಪು ತಂದೆಯವರಿಗೆ ನಮಸ್ಕಾರ ತಿಳಿಸಿ, ತಾನಿಲ್ಲಿ ಕ್ಷೇಮವೆಂದು ಹೇಳಿ, ಇಲ್ಲದ ಹಾಸ್ಟೆಲಿನಿಂದ ಇಲ್ಲದ ಊರಿಗೆ ಹಣ ಕೇಳುತ್ತದೆ. ಸ್ಥಳ, ದಿನಾಂಕ, ಸಂಬೋಧನೆ, ಒಡಲು, ಹೊರವಿಳಾಸ ಎಲ್ಲವೂ ಇದ್ದರೆ ಅಂಕ ಸಿಗುತ್ತದೆ. ಪತ್ರ ಮಾತ್ರ ಯಾರಿಗೂ ತಲುಪುವುದಿಲ್ಲ. ಶಿಕ್ಷಕ ವೃತ್ತಿಗೆ ಕಾಲಿಡಲು ಹೊರಟಿರುವ ನನ್ನಂಥ ಪ್ರಶಿಕ್ಷಣಾರ್ಥಿಗಳು ಗಂಭೀರವಾಗಿ ಯೋಚಿಸಬೇಕಾದದ್ದು ಇದನ್ನೇ ಎಂದು ನನಗನ್ನಿಸುತ್ತದೆ. ಒಂದನೆಯ ತರಗತಿಯಿಂದ ಹತ್ತನೆಯವರೆಗೆ ಓದುಗರೇ ಇಲ್ಲದ ಬರಹವನ್ನು ಬರೆಸಿ, ಕೊನೆಗೆ ಮಕ್ಕಳಿಗೆ ಬರೆಯಲು ಬರುವುದಿಲ್ಲ ಎಂದು ದೂರುತ್ತೇವೆ.

ಅಕ್ಷರ ದುಂಡಗಿರಬೇಕು, ಒತ್ತು ದೀರ್ಘ ತಪ್ಪಬಾರದು, ಕಾಪಿಯೂ ಉಕ್ತಲೇಖನವೂ ಬೇಕು. ಇವುಗಳ ಬಗ್ಗೆ ನನಗೆ ತಕರಾರಿಲ್ಲ, ಹೆಚ್ಚು ಹೇಳಬೇಕಾದದ್ದೂ ಇಲ್ಲ. ನನ್ನ ಪ್ರಶ್ನೆ ಬೇರೆ. ಊರ ತೇರಿನ ಮಿಣಿ ಹಿಡಿದು ಎಳೆದ ಮಗು ಬಿಡುವಿನ ವೇಳೆಯಲ್ಲಿ ಅದನ್ನು ಗೆಳೆಯರಿಗೆ ಉಸಿರು ಕಟ್ಟುವಂತೆ ಹೇಳುತ್ತದೆ. ತೇರು ಎಲ್ಲಿ ನಿಂತಿತು, ಗಾಲಿಗೆ ಯಾರು ಸನ್ನೆ ಕೊಟ್ಟರು, ಎಸೆದ ಬಾಳೆಹಣ್ಣು ಯಾರ ತಲೆಗೆ ಬಿತ್ತು, ಒಂದೂ ಬಿಡುವುದಿಲ್ಲ. ಅದೇ ಮಗು ಗಂಟೆ ಹೊಡೆದ ಮೇಲೆ ಹಾಳೆ ತೆಗೆದು, ಜಾತ್ರೆಗಳು ನಮ್ಮ ಸಂಸ್ಕೃತಿಯ ಪ್ರತೀಕಗಳಾಗಿವೆ ಎಂದು ಬರೆಯುತ್ತದೆ. ಈ ಎರಡರ ನಡುವೆ ಮಗುವಿನ ಭಾಷೆ ಬಡವಾಗಲಿಲ್ಲ, ನೆನಪೂ ಅಳಿಯಲಿಲ್ಲ. ಎದುರಿಗೆ ಕಣ್ಣರಳಿಸಿ ಕೇಳುತ್ತಿದ್ದ ಗೆಳೆಯ ಎದ್ದುಹೋದ, ಅಷ್ಟೆ. ಅವನ ಜಾಗದಲ್ಲಿ ಈಗ ಇರುವುದು ಎಲ್ಲವನ್ನೂ ಮೊದಲೇ ತಿಳಿದ, ತಪ್ಪು ಹುಡುಕಲು ಕೂತ ಒಬ್ಬ ದೊಡ್ಡವರು. ಗೊತ್ತಿದ್ದವರಿಗೆ ಗೊತ್ತಿದ್ದದ್ದನ್ನು ಹೇಳಬೇಕಾಗಿ ಬಂದಾಗ ಯಾರೇ ಆಗಲಿ ಸಿದ್ಧ ವಾಕ್ಯಗಳ ಮೊರೆ ಹೋಗುತ್ತಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡನಾಡಿನ ಜನರನ್ನು ಹೊಗಳುತ್ತಾ, ಓದದೆಯೂ ಕಾವ್ಯದ ಪ್ರಯೋಗ ಬಲ್ಲವರು ಎಂದದ್ದನ್ನು ನಾವು ವೇದಿಕೆಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಅದರ ಹತ್ತಿರದಲ್ಲೇ ಇರುವ ಇನ್ನೊಂದು ಮಾತು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಮ್ಮ ತಮ್ಮ ನುಡಿಯಲ್ಲಿ ಎಲ್ಲರೂ ಜಾಣರೇ, ಎಳೆಯ ಮಕ್ಕಳಿಗೂ ಆ ವಿವೇಕವುಂಟು ಎಂಬ ಅರ್ಥದ ಮಾತು ಅದು. ಸಾವಿರದ ನೂರು ವರ್ಷಕ್ಕೂ ಹಿಂದೆ, ಕಾವ್ಯದ ಲಕ್ಷಣ ಹೇಳಲು ಹೊರಟ ಗ್ರಂಥವೊಂದು ಮಕ್ಕಳ ಮಾತಿನ ಕಡೆ ತಿರುಗಿ ನೋಡಿತಲ್ಲ! ನಮ್ಮ ಅಭ್ಯಾಸ ಬೋಧನೆಯ ಪಾಠಗಳು ಈ ನಂಬಿಕೆಯಿಂದ ಶುರುವಾಗಬೇಕಿತ್ತು.

ಓದುಗ ಸಿಕ್ಕರೆ ಬರಹ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಪುರಾವೆಗಳಿವೆ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಮರಳಿದ ಸೆಲೆಸ್ತಾಂ ಫ್ರೆನೆ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲೆಯಲ್ಲಿ ಮೇಷ್ಟರಾದರು. 1920ರ ದಶಕದಲ್ಲಿ ಅವರು ತರಗತಿಗೊಂದು ಸಣ್ಣ ಮುದ್ರಣ ಯಂತ್ರ ತಂದಿಟ್ಟರು. ಮಕ್ಕಳು ಬರೆದದ್ದನ್ನು ಮಕ್ಕಳೇ ಮೊಳೆ ಜೋಡಿಸಿ ಅಚ್ಚು ಹಾಕಿ, ದೂರದ ಬ್ರಿಟನಿಯ ಕಡಲತೀರದ ಒಂದು ಶಾಲೆಗೆ ಕಳುಹಿಸತೊಡಗಿದರು. ಅಲ್ಲಿಂದಲೂ ಪುಟಗಳು ಬಂದವು. ಈ ದಾರಿಯಲ್ಲೇ ನಡೆದವರು ಇಟಲಿಯ ವ್ಹೋ ಎಂಬ ಹಳ್ಳಿಯ ಶಾಲಾ ಮೇಷ್ಟರಾದ ಮಾರಿಯೊ ಲೋದಿ. ಫ್ಲಾರೆನ್ಸ್ ಬಳಿಯ ಬೆಟ್ಟದ ಮೇಲೆ ಬಾರ್ಬಿಯಾನಾ ಎಂಬಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ಬಡ ರೈತರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. 1963ರಲ್ಲಿ ಲೋದಿ ಅಲ್ಲಿಗೆ ಹೋದರು, ಎರಡೂ ಶಾಲೆಗಳ ಮಕ್ಕಳ ನಡುವೆ ಪತ್ರ ವ್ಯವಹಾರ ಶುರುವಾಯಿತು. ಬಾರ್ಬಿಯಾನಾದ ಮಕ್ಕಳು ಒಟ್ಟಾಗಿ ಕೂತು ಬರೆಯುವ ಪದ್ಧತಿ ರೂಪುಗೊಂಡದ್ದು ಈ ಪತ್ರಗಳಿಂದ. ಅದೇ ಶಾಲೆಯ ಎಂಟು ಹುಡುಗರು 1967ರಲ್ಲಿ ತಂದ ಪುಸ್ತಕವೂ ಒಂದು ಪತ್ರವೇ. ತಮ್ಮವರನ್ನು ಪರೀಕ್ಷೆಯಲ್ಲಿ ಫೇಲು ಮಾಡಿದ ಶಿಕ್ಷಕಿಗೆ ಬರೆದದ್ದು. ಹಾಗೆ ಫೇಲಾದವರು ಶಿಕ್ಷಕರ ತರಬೇತಿಗೆ ಸೇರಿದ್ದ ಹುಡುಗರು ಎಂಬುದನ್ನು ನನ್ನ ಜೊತೆಗಾರರು ಮರೆಯಬಾರದು. ಆ ಪುಸ್ತಕದಲ್ಲಿ ಅವರು ತಮ್ಮ ಬರವಣಿಗೆಯ ಕ್ರಮವನ್ನೂ ಹೇಳಿದ್ದಾರೆ. ಹೊಳೆದದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು, ಚೀಟಿಗಳನ್ನು ದೊಡ್ಡ ಮೇಜಿನ ಮೇಲೆ ಹರಡಿ ಗುಂಪು ಮಾಡುವುದು, ಕರಡು ತಯಾರಾದ ಮೇಲೆ ಹೆಚ್ಚಾದ ಪದವನ್ನು, ಕಷ್ಟದ ಪದವನ್ನು, ಸುಳ್ಳನ್ನು ಪೈಪೋಟಿಯಿಂದ ಹುಡುಕಿ ತೆಗೆಯುವುದು. ಕೊನೆಗೆ ಹೊರಗಿನವರನ್ನು, ಅದರಲ್ಲೂ ಹೆಚ್ಚು ಶಾಲೆ ಕಲಿಯದವರನ್ನು, ಕರೆದು ಓದಿಸಿ ಅರ್ಥವಾಯಿತೇ ಎಂದು ನೋಡುವುದು. ಈ ಕೊನೆಯ ಹೆಜ್ಜೆ ನನ್ನನ್ನು ಬಿಡದೆ ಹಿಡಿದಿದೆ. ಬರಹದ ಅಳತೆಗೋಲು ಪಂಡಿತರ ಕೈಯಿಂದ ರೈತನ ಕೈಗೆ ಬಂತು. ನಮ್ಮಲ್ಲಿ ಮಗು ಬರೆದದ್ದನ್ನು ಅದರ ಅಜ್ಜಿಗೆ ಓದಿ ಹೇಳಿ, ಆಕೆ ಎಲ್ಲಿ ಹುಬ್ಬು ಗಂಟಿಕ್ಕಿದರೋ ಅಲ್ಲಿ ತಿದ್ದು ಎನ್ನುವ ಒಂದು ಪಾಠ ಯಾಕಿರಬಾರದು?

ಇಟಲಿಯ ಮಾತು ಇಲ್ಲಿಗೇಕೆ ಎನ್ನುವವರು ನಮ್ಮದೇ ನಾಡಿನ ಉದ್ದಗಲವನ್ನು ನೆನೆಯಬೇಕು. ಕೊಡಗಿನ ಮಗು ಸೋಮವಾರಪೇಟೆಯ ತನ್ನ ಮೇಷ್ಟರಿಗೆ ಕಾಫಿ ಹೂ ಬಿಟ್ಟಿದೆ ಎಂದು ಬರೆದರೆ ಅಲ್ಲಿಗೆ ಮುಗಿಯಿತು, ಅವರ ಕಿಟಕಿಯ ಹೊರಗೂ ಅದೇ ಹೂ. ಅದನ್ನೇ ಕಲಬುರಗಿಯ ಮಗುವಿಗೆ ಬರೆಯಬೇಕಾದರೆ ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಬೀಳುವ ಹೂಮಳೆಯಿಂದ ಹೊರಡಬೇಕು; ಮಳೆಯಾದ ಕೆಲವೇ ದಿನಗಳಲ್ಲಿ ತೋಟವೆಲ್ಲ ಒಮ್ಮೆಲೇ ಬೆಳ್ಳಗಾಗುವುದನ್ನೂ, ಮಲ್ಲಿಗೆಯನ್ನು ಹೋಲುವ ಆ ವಾಸನೆಯನ್ನೂ, ಹೂ ಬಹಳ ದಿನ ನಿಲ್ಲದೆ ಕಂದುವುದನ್ನೂ ಹೇಳಬೇಕು. ಆ ಕಡೆಯ ಮಗು ತೊಗರಿಯ ಹೊಲದಿಂದ ಬೇಳೆಯವರೆಗೆ ಕಾಳು ಏನೇನಾಗುತ್ತದೆ ಎಂದು ಬಿಡಿಸಿ ಹೇಳಬೇಕು. ವಿವರವಾಗಿ ಬರೆಯಿರಿ ಎಂದು ನೂರು ಸಲ ಹೇಳಿದರೂ ಬಾರದ ವಿವರ, ತಿಳಿಯದವರೊಬ್ಬರು ಆ ತುದಿಯಲ್ಲಿದ್ದಾರೆ ಎಂದಾಗ ತಾನಾಗಿ ಬರುತ್ತದೆ. ಇದಕ್ಕೆ ಬೇಕಾದ ಅಂಚೆ ಕಾರ್ಡಿನ ಬೆಲೆ ಬಹುಕಾಲದಿಂದ 50 ಪೈಸೆಯಲ್ಲೇ ನಿಂತಿದೆ. ಪರೀಕ್ಷೆಯ ಚಿಂತೆಯವರಿಗೂ ಇಲ್ಲಿ ಉತ್ತರವಿದೆ. ಹೊರವಿಳಾಸದ ಒಂದು ಅಂಕಕ್ಕೆ ಕಲಿತದ್ದು ಪರೀಕ್ಷೆ ಮುಗಿದ ಮೇಲೆ ಮರೆತುಹೋಗಬಹುದು. ಪಿನ್ ಕೋಡಿನ ಆರು ಅಂಕಿಯಲ್ಲಿ ಒಂದು ತಪ್ಪಿ ಪತ್ರ ಎಲ್ಲೋ ಸುತ್ತಿದರೆ, ವಿಳಾಸ ಯಾಕೆ ಬೇಕೆಂದು ಮಗುವಿಗೆ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಅಕ್ಷರ ಬರಲಿ, ಅರ್ಥ ಆಮೇಲೆ ಎನ್ನುವುದು ಇನ್ನೊಂದು ಆಕ್ಷೇಪ. 49 ಅಕ್ಷರ, ಅವುಗಳ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡ ಕಲಿಯುವ ಮಗುವಿನ ಮುಂದೆ ನೂರಾರು ಆಕಾರಗಳ ರಾಶಿಯೇ ಇದೆ, ಸುಳ್ಳಲ್ಲ. ಆದರೆ ಈ ರಾಶಿ ಮುಗಿಯುವವರೆಗೆ ಅರ್ಥ ಕಾಯಬೇಕಿಲ್ಲವೆಂದು ನಮ್ಮ ನಲಿ-ಕಲಿಯೇ ತೋರಿಸಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಋಷಿ ವ್ಯಾಲಿಯ ಪ್ರಯೋಗವನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರು ಕಟ್ಟಿದ ಕ್ರಮ ಅದು. ವರ್ಣಮಾಲೆಯ ಸಾಲು ಬಿಟ್ಟು, ಬೇಗ ಪದ ಕಟ್ಟಲು ಒದಗುವ ಕೆಲವು ಅಕ್ಷರಗಳಿಂದ ಹೊರಟ ಮಗು ಸರ, ಅರಸ, ಗರಗಸ ಎಂದು ಬೇಗನೆ ಓದತೊಡಗುತ್ತದೆ. ಓದಲು ಅಷ್ಟು ಸಾಕಾದರೆ, ತನಗನ್ನಿಸಿದ ಒಂದು ಪದವನ್ನು ಯಾರಿಗೋ ಬರೆದು ಕೊಡಲು ಸಾಕಾಗದೇ? ತಪ್ಪು ಉಳಿದುಹೋಗುತ್ತದೆ ಎಂಬ ಭಯ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಹಗುರ ಮಾಡಲಾರೆ. ತಿದ್ದಲೇಬೇಕು. ಯಾವಾಗ ಎಂಬುದಷ್ಟೇ ಪ್ರಶ್ನೆ. ಮಗು ಹೇಳುವುದು ಮುಗಿಯುವ ಮೊದಲೇ ಕೆಂಪು ಮಸಿ ಬಿದ್ದರೆ, ಮುಂದಿನ ಸಲ ಅದು ತನಗೆ ಬರುವ ಪದಗಳೊಳಗೆ ಮಾತ್ರ ಬರೆದು ಪಾರಾಗುತ್ತದೆ. ತಪ್ಪೂ ಇರುವುದಿಲ್ಲ, ಹುರುಳೂ ಇರುವುದಿಲ್ಲ. ಲಕೋಟೆ ಅಂಟಿಸುವ ಮುನ್ನ ಗೆಳೆಯರೆದುರು ಗಟ್ಟಿಯಾಗಿ ಓದಿ ತಿದ್ದಿಕೊಂಡದ್ದು ಕೈಗೆ ಅಂಟುತ್ತದೆ. ಇನ್ನು ಹೊಲಕ್ಕ ಹೋಗಿದ್ವಿ, ಅವ್ವ ಬುತ್ತಿ ಕಟ್ಟಿದ್ಳು ಎಂದು ಧಾರವಾಡದ ಮಗು ಬರೆದರೆ ಅದನ್ನು ತಪ್ಪೆಂದು ಗೆರೆ ಎಳೆಯುವುದು ಅನ್ಯಾಯ. ಪುಸ್ತಕದ ಕನ್ನಡವನ್ನು ಅದರ ಪಕ್ಕದಲ್ಲಿ ಕಲಿಸೋಣ. ಅರ್ಜಿಗೆ ಒಂದು, ಗೆಳತಿಗೆ ಇನ್ನೊಂದು ಎಂದು ಮಗುವೇ ಆರಿಸಿಕೊಳ್ಳುತ್ತದೆ. ಮನೆಯ ಮಾತೇ ತಪ್ಪು ಎಂದು ಮೊದಲ ಪುಟದಲ್ಲೇ ಕಲಿತ ಮಗು ಎರಡನೆಯ ಪುಟಕ್ಕೆ ಏನು ತಂದೀತು?

ಒಂದೇ ಕೋಣೆ, ಎರಡು ಮೂರು ತರಗತಿ, ಒಬ್ಬರೇ ಶಿಕ್ಷಕರು ಇರುವಲ್ಲಿ ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಬಾರ್ಬಿಯಾನಾದಲ್ಲಿ ದೊಡ್ಡ ಮಕ್ಕಳೇ ಚಿಕ್ಕವರಿಗೆ ಮೇಷ್ಟರಾಗಿದ್ದರು ಎಂದಷ್ಟೇ ಹೇಳಬಲ್ಲೆ. ನನಗೆ ಹೆಚ್ಚು ಕಾಡುವ ತೊಡಕು ನಮ್ಮ ಕಡೆಯದು. ಬರೆಯುವುದನ್ನು ಕಲಿಸಬೇಕಾದ ನಾವು ತರಬೇತಿಯ ಉದ್ದಕ್ಕೂ ಬರೆಯುವುದು ಏನನ್ನು? ಪಾಠಯೋಜನೆಯ ಅಂಕಣಗಳಲ್ಲಿ ಉದ್ದೇಶ, ಚಟುವಟಿಕೆ, ಬೋಧನೋಪಕರಣ, ಮೌಲ್ಯಮಾಪನಗಳನ್ನು ತುಂಬುತ್ತೇವೆ, ವೀಕ್ಷಕರು ಸಹಿ ಹಾಕುತ್ತಾರೆ. ಮಕ್ಕಳಿಗಾಗಿ ಪದ್ಯ ಕಥೆಗಳನ್ನು ಬರೆದ ಪಂಜೆ ಮಂಗೇಶರಾಯರು ಶಿಕ್ಷಕರಾಗಿದ್ದವರು, ಶಾಲಾ ತನಿಖಾಧಿಕಾರಿಯಾಗಿ ದಕ್ಷಿಣ ಕನ್ನಡವನ್ನು ಸುತ್ತಿದವರು. ಎಲ್ಲರೂ ಪಂಜೆಯವರಾಗಬೇಕಿಲ್ಲ. ಆದರೆ ಖಾಲಿ ಹಾಳೆಯ ಮುಂದೆ ಕೂತು ಮೊದಲ ವಾಕ್ಯಕ್ಕೆ ತಡಕಾಡಿದ ಅನುಭವವೇ ಇಲ್ಲದ ಶಿಕ್ಷಕರು, ಪೆನ್ಸಿಲ್ ಕಚ್ಚುತ್ತಾ ಕೂತ ಮಗುವನ್ನು ಸೋಮಾರಿ ಎಂದುಕೊಂಡುಬಿಡುವ ಅಪಾಯವಿದೆ. ಮಡಿಕೇರಿಯ ಕಾಲೇಜಿನ ಪ್ರಶಿಕ್ಷಣಾರ್ಥಿಗಳೂ ರಾಯಚೂರಿನವರೂ ವರ್ಷವಿಡೀ ತಮ್ಮ ತಮ್ಮ ತರಗತಿಯ ಬಗ್ಗೆ ಪರಸ್ಪರ ಪತ್ರ ಬರೆಯುವಂತಾದರೆ, ಆ ಪತ್ರಗಳನ್ನೇ ನಮ್ಮ ಆಂತರಿಕ ಅಂಕಗಳಿಗೆ ಪರಿಗಣಿಸಿದರೆ ಆಗದೇ? ಯಾವ ಮಗು ಯಾವ ವಾಕ್ಯದಲ್ಲಿ ನಿಂತಿತು, ಆಮೇಲೆ ಯಾವ ಪ್ರಶ್ನೆಗೆ ಮುಂದೆ ಹೋಯಿತು ಎಂಬುದನ್ನು ಪಾಠಯೋಜನೆಯ ಅಂಕಣದಲ್ಲಿ ತುಂಬಲಾಗುವುದಿಲ್ಲ. ಆ ತರಗತಿಯನ್ನು ಕಾಣದ ಇನ್ನೊಬ್ಬ ಶಿಕ್ಷಕರಿಗೆ ಬರೆದು ತಿಳಿಸಬಹುದು. ಹಾಗೆ ಬರೆಯಲು ಕೂತಾಗ, ಮಗು ನಿಂತ ಆ ಜಾಗವನ್ನು ಸರಿಯಾಗಿ ಗಮನಿಸಿದ್ದೆವೋ ಇಲ್ಲವೋ ಎಂಬುದು ನಮಗೇ ಗೊತ್ತಾಗುತ್ತದೆ.