ಎಲ್ಲರ ಪಟ

ಭೂಪಟವನ್ನು ಬಿಡಿಸಿದೊಡನೆ ಮನುಷ್ಯ ಮೊದಲು ಹುಡುಕುವುದು ತನ್ನ ಊರನ್ನೇ. ಹಿಮಾಲಯ, ಗಂಗೆ ಎಲ್ಲ ಆಮೇಲೆ. ಊರು ಸಿಕ್ಕದಿದ್ದರೆ ಲೋಕವೇ ತನ್ನನ್ನು ಮರೆಯಿತೋ ಎಂಬಂತೆ ಮುಖ ಸಪ್ಪಗಾಗುತ್ತದೆ. ನಾನು ಕನ್ನಡ ಹೇಳಿಕೊಡುವವನು, ಭೂಗೋಳ ನನ್ನ ಪಾಠವಲ್ಲ; ಆದರೂ ಹುಮನಾಬಾದಿನ ಕಡೆಯ ಹುಡುಗರಲ್ಲಿ ಆ ಸಪ್ಪೆ ಮುಖವನ್ನು ಕಂಡಿದ್ದೇನೆ.

ಅಳೆಯುವವರು ನಮ್ಮ ಕಡೆ ಬಾರದೆ ಇರಲಿಲ್ಲ. 1802ರಲ್ಲಿ ಮದರಾಸಿನಲ್ಲಿ ಮಹಾ ತ್ರಿಕೋನಮಾಪನಕ್ಕೆ ಕೈಹಾಕಿದ ಲ್ಯಾಂಬ್ಟನ್ ಸಾಹೇಬರ ಆಧಾರರೇಖೆಗಳಲ್ಲೊಂದು 1815ರಲ್ಲಿ ಬೀದರದ ಸೀಮೆಯಲ್ಲೇ ಬಿದ್ದಿತು. 1841ರಲ್ಲಿ ಆಂಡ್ರ್ಯೂ ವಾ ಅಲ್ಲಿ ಮತ್ತೆ ಅಳೆದರು. ಭೂಮಿಯ ಆಕಾರವನ್ನೇ ತಿಳಿಯಹೊರಟ ಗೆರೆ ಅದು! ಆದರೆ ಅದರ ಪಟ ನಮ್ಮ ರೈತನ ಕೈಗೆ ಬರಲಿಲ್ಲ. ಅಳತೆ ನಮ್ಮ ನೆಲದ್ದು, ಪಟ ಸರಕಾರದ್ದು. ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ಹಾಳೆಗಳಿಗೆ ಅಪ್ಪಣೆ ಬೇಕಾಗಿತ್ತು. 2021ರ ಫೆಬ್ರವರಿಯಲ್ಲಿ ಹೊರಟ ಹೊಸ ನಿಯಮಗಳಿಂದ ಆ ಬಿಗಿ ಬಹಳಷ್ಟು ಸಡಿಲವಾಯಿತು.

ಇದಕ್ಕೂ ಮುಂಚೆ, 2004ರಲ್ಲಿ, ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬ ತರುಣ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಪಟವನ್ನು ಆರಂಭಿಸಿದ. ಊರವರೆಲ್ಲ ಕೂಡಿ ಬಾವಿ ತೋಡಿದ ಹಾಗೆ: ಬಲ್ಲವರು ಬಲ್ಲಷ್ಟನ್ನು ಗುರುತಿಸುವುದು, ಬೇಕಾದವರು ಬಳಸಿಕೊಳ್ಳುವುದು. 2010ರಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಆ ದೇಶವನ್ನು ಕಂಡೇ ಇರದ ಜನ ಉಪಗ್ರಹದ ಚಿತ್ರಗಳನ್ನು ನೋಡಿ ಅಲ್ಲಿನ ಬೀದಿಗಳನ್ನು ಬರೆದರು. ನೆರವಿಗೆ ಹೋದವರಿಗೆ ಅದು ದಾರಿಯಾಯಿತು. ಯಾರು ಬೇಕಾದರೂ ಬರೆದರೆ ಸುಳ್ಳು ಸೇರುವುದಿಲ್ಲವೆ ಎಂದೀರಿ. ಸೇರುತ್ತದೆ. ಆದರೆ ತಿದ್ದುವ ಕೈಯೂ ಅಲ್ಲೇ ಇದೆ.

ಮಾಣಿಕನಗರಕ್ಕೆ ಈ ಕೆಲಸ ಒಪ್ಪುತ್ತದೆ. ಸಕಲಮತವನ್ನು ಬೋಧಿಸಿದ ಮಾಣಿಕಪ್ರಭುಗಳ ನೆಲ ಅದು. 1865ರಲ್ಲಿ ಅವರು ಸಮಾಧಿಸ್ಥರಾದದ್ದೂ ಅಲ್ಲೇ. ಕನ್ನಡ, ಮರಾಠಿ, ಉರ್ದು ಮೂರೂ ಅಲ್ಲಿ ಕಿವಿಗೆ ಬೀಳುತ್ತವೆ. ಈ ಪಟದಲ್ಲಿಯೂ ಒಂದೇ ಊರಿನ ಹೆಸರನ್ನು ಬೇರೆ ಬೇರೆ ಲಿಪಿಗಳಲ್ಲಿ ಬರೆಯಬಹುದು. ಒಂದು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಕಳೆದ ಸುಗ್ಗಿಯಲ್ಲಿ ನಾಲ್ಕಾರು ವಿದ್ಯಾರ್ಥಿಗಳೊಡನೆ ವಿರಜಾ, ಗುರುಗಂಗೆಯರ ಸಂಗಮದ ಸುತ್ತ ನಡೆದೆ. ದೇವಾಲಯ ಆಕಾಶದಿಂದಲೂ ಕಾಣುತ್ತದೆ. ಉಪಗ್ರಹಕ್ಕೆ ಕಾಣದ್ದು ಹೆಸರು. ಹೊಲದ ದಾರಿಯ ಹಳೆಯ ಬಾವಿಯ ಹೆಸರು ಹುಡುಗರಿಗೆ ತಿಳಿದಿರಲಿಲ್ಲ. ಎಮ್ಮೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಹೇಳಿದಳು. ಅದನ್ನು ತೋಡಿಸಿದ ಮನೆತನದ ಕಥೆಯನ್ನೂ ಸೇರಿಸಿದಳು. ಕಥೆಗೆ ಪಟದಲ್ಲಿ ಜಾಗವಿಲ್ಲ. ಹೆಸರನ್ನು ಮಾತ್ರ ಹುಡುಗ ಕನ್ನಡದಲ್ಲಿ ಬರೆದ.

ಆ ಹೆಸರು ಇನ್ನು ಎಷ್ಟು ಜನರಿಗೆ ಗೊತ್ತಿದ್ದೀತು? ಲ್ಯಾಂಬ್ಟನ್ ಸಾಹೇಬರ ಸರಪಳಿಗೆ ಕಾಯುವ ವೇಳೆಯಿತ್ತು. ಮುದುಕಿಗೆ ಅಷ್ಟು ವೇಳೆಯಿಲ್ಲ.